ಆಕಾಶದ ಹಾಜರಿ ಪುಸ್ತಕ

ನಮ್ಮ ಸೀಮೆಯ ಜಾತ್ರೆಗಳನ್ನು ಕಂಡವರಿಗೆ ಈ ದೃಶ್ಯ ಹೊಸದಲ್ಲ. ತೇರು ಸಿಂಗಾರಗೊಂಡು ನಿಂತಿರುತ್ತದೆ. ಹಗ್ಗ ಹಿಡಿದ ನೂರಾರು ಕೈಗಳು ಕಾಯುತ್ತಿರುತ್ತವೆ. ಆದರೂ ಯಾರೊಬ್ಬರೂ ಎಳೆಯುವುದಿಲ್ಲ. ಎಲ್ಲರ ಕಣ್ಣು ಆಕಾಶದ ಕಡೆಗೆ. ಗರುಡ ಬಂದು ತೇರಿನ ಮೇಲೆ ಒಂದು ಸುತ್ತು ಹಾಕಿತೆಂದರೆ ಸರಿ, ಜಯಘೋಷ ಮೊಳಗುತ್ತದೆ, ಗಾಲಿ ಉರುಳುತ್ತದೆ. ಆಮೇಲೆ ಗರುಡ ಎತ್ತ ಹೋಯಿತೆಂದು ಯಾರೂ ನೋಡುವುದಿಲ್ಲ. ವರ್ಷಕ್ಕೊಮ್ಮೆ, ಒಂದು ಹಕ್ಕಿಗಾಗಿ, ಕೆಲವು ನಿಮಿಷ ಕತ್ತೆತ್ತುವುದು, ಇಷ್ಟೇ ನಮಗೂ ಆಕಾಶಕ್ಕೂ ಇರುವ ವ್ಯವಹಾರ. ಇದು ಸಾಲದು ಎಂಬುದೇ ಈ ಬರಹದ ಮಾತು.

ಬೀಚನಹಳ್ಳಿ ಎಂದರೆ ಹೊರಗಿನವರಿಗೆ ಕಬಿನಿ ಅಣೆಕಟ್ಟು. ಬೀಚನಹಳ್ಳಿಗೂ ಬಿದರಹಳ್ಳಿಗೂ ನಡುವೆ ಕಪಿಲೆಗೆ ಅಡ್ಡಲಾಗಿ ಕಟ್ಟಿದ ಈ ಕಟ್ಟೆಯ ಕೆಲಸ 1974ರಲ್ಲಿ ಮುಗಿಯಿತು. 19.52 ಟಿಎಂಸಿ ನೀರು ಹಿಡಿಯುವ ಜಲಾಶಯ. ಆಗ ನಾನು ಮೇಷ್ಟರ ಕೆಲಸಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ನೀರು ಏರುತ್ತ ಬಂದಾಗ ಊರುಗಳು ಮುಳುಗಿದವು, ಹೊಲಗಳು ಮುಳುಗಿದವು, ಕಾಡೂ ಮುಳುಗಿತು. ಆ ಕಾಡಿನ ಮರಗಳು ಒಣಗಿ, ಬೆಳ್ಳಗಾಗಿ, ಇಂದಿಗೂ ಹಿನ್ನೀರಿನಲ್ಲಿ ಅಲ್ಲಲ್ಲಿ ನಿಂತಿವೆ. ಬೇಸಿಗೆ ಸಮೀಪಿಸಿ ನೀರು ಇಳಿಯತೊಡಗಿದಂತೆ ಅವು ಒಂದೊಂದಾಗಿ ಮೈ ತೋರುತ್ತವೆ. ಇಳಿದ ನೀರಿನ ಅಂಚಿನಲ್ಲಿ ಹಸುರು ಚಿಗುರಿ ಆನೆಗಳು ಬರುತ್ತವೆ. ಆನೆಗಳನ್ನು ನೋಡಲು ಜನ ಬರುತ್ತಾರೆ.

ನಾನು ನೋಡುವುದು ಆ ಒಣಮರಗಳ ತುದಿಯನ್ನು. ಚಳಿಗಾಲ ಪೂರ್ತಿ ಅಲ್ಲಿ ಮೀನುಡೇಗೆ ಕುಳಿತಿರುತ್ತದೆ. ಎದೆ ಹೊಟ್ಟೆ ಬಿಳಿ, ಬೆನ್ನು ಕಂದು, ಕಣ್ಣಿನ ಮೇಲೆ ಹಾದು ಹೋಗುವ ಕಪ್ಪು ಪಟ್ಟೆ. ಎತ್ತರದಿಂದ ಕಾಲು ಮುಂದೆ ಚಾಚಿ ನೀರಿಗೆ ಬೀಳುತ್ತದೆ. ಏಳುವಾಗ ಕಾಲಿನಲ್ಲಿ ಮೀನಿರುತ್ತದೆ. ಇದು ನಮ್ಮ ನೆಲದಲ್ಲಿ ಗೂಡು ಕಟ್ಟುವ ಹಕ್ಕಿಯಲ್ಲ. ಮಳೆಗಾಲ ಮುಗಿಯುತ್ತ ಉತ್ತರದಿಂದ ಬರುತ್ತದೆ, ಯುಗಾದಿಯ ಆಸುಪಾಸಿನಲ್ಲಿ ಹೊರಡುತ್ತದೆ. ಅದರಂತೆಯೇ ಗದ್ದೆಯ ಮೇಲೂ ಕೆರೆಯ ಜೊಂಡಿನ ಮೇಲೂ ತೀರ ಕೆಳಗೆ, ರೆಕ್ಕೆಯನ್ನು ತುಸು ಮೇಲಕ್ಕೆತ್ತಿ ತೂಗುತ್ತ ಸಾಗುವ ಸೆಳೆವಗಳು ಬರುತ್ತವೆ. ಇವುಗಳ ತವರು ಮಧ್ಯ ಏಷ್ಯಾ, ಸೈಬೀರಿಯಾಗಳ ಹುಲ್ಲುಗಾವಲು ಮತ್ತು ಜೌಗು ನೆಲ.

ನಿವೃತ್ತನಾದ ಮೇಲೆ ಒಂದು ನೋಟುಬುಕ್ಕಿನಲ್ಲಿ ಇವುಗಳ ಲೆಕ್ಕ ಬರೆಯುವ ಅಭ್ಯಾಸ ಮಾಡಿಕೊಂಡೆ. ದೊಡ್ಡ ಸಾಧನೆಯೇನಲ್ಲ. ದಿನಾಂಕ, ನಿಂತ ಜಾಗ, ನಿಂತ ಹೊತ್ತು, ಕಂಡ ಹಕ್ಕಿ, ಎಷ್ಟು. ಕೆಲವು ಸಂಜೆ ಮೂರು ಎಂದು ಬರೆದಿದ್ದೇನೆ. ಎಷ್ಟೋ ಸಂಜೆ ಸೊನ್ನೆ ಎಂದು ಬರೆದಿದ್ದೇನೆ. ಅಣೆಕಟ್ಟಿನ ಮೇಲೆ ಹೋಗುವುದಕ್ಕೆ ಅಪ್ಪಣೆ ಬೇಕು. ಊರ ಅಂಚಿನಲ್ಲಿ ನಿಂತು ಆಕಾಶ ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಒಂದು ಸಂಜೆ ಕುರಿ ಹೊಡೆದುಕೊಂಡು ಬರುತ್ತಿದ್ದ ವೃದ್ಧರೊಬ್ಬರು ನನ್ನನ್ನು ಕಂಡು ನಿಂತರು. ಅವರ ಮಕ್ಕಳು ನನ್ನ ಕೈಯಲ್ಲಿ ಓದಿದವರು. "ಎಣಿಸ್ಬುಟ್ಟು ಏನ್ ಮಾಡೀರಿ ಮೇಷ್ಟ್ರೇ? ಅವೇನ್ ನಿಮ್ಮನೆ ಕೋಳಿಗಳಾ?" ಎಂದರು.

"ನೀವು ದಿನಾ ಸಾಯಂಕಾಲ ಕುರಿ ಎಣಿಸ್ತೀರಲ್ಲ ಯಜಮಾನ್ರೇ, ಯಾಕೆ?" ಎಂದೆ.

"ಎಣಿಸ್ದೇ ಇದ್ರೆ ಒಂದು ಅಲ್ಲೇ ಉಳ್ಕಂಡ್ರೆ ಗೊತ್ತಾಗೋದು ಹೆಂಗೆ?"

ನನ್ನ ಉತ್ತರವನ್ನು ಅವರೇ ಕೊಟ್ಟಿದ್ದರು. ಅದಕ್ಕಿಂತ ಚೆನ್ನಾಗಿ ಹೇಳುವುದು ನನ್ನಿಂದಾಗದು. ಅಂದು ಮನೆಗೆ ಬಂದ ಮೇಲೆ ಅವರ ಮಾತು ನನ್ನನ್ನೇ ಚುಚ್ಚತೊಡಗಿತು. ಏಕೆಂದರೆ ನಾವು ಎಣಿಸದೇ ಕಳೆದುಕೊಂಡ ಹಕ್ಕಿಯೊಂದು ಈ ಊರಿನಲ್ಲಿಯೇ ಇತ್ತು.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ದನ ಸತ್ತರೆ ಊರಾಚೆಯ ಹಳ್ಳದ ಕಡೆಗೆ ಎಳೆದು ಹಾಕುತ್ತಿದ್ದರು. ಚರ್ಮ ಸುಲಿಯುವವರು ತಮ್ಮ ಕೆಲಸ ಮುಗಿಸುವಷ್ಟರಲ್ಲಿ ಆಕಾಶದಲ್ಲಿ ಚುಕ್ಕಿಗಳು ಕಾಣಿಸುತ್ತಿದ್ದವು. ಚುಕ್ಕಿಗಳು ಸುತ್ತುತ್ತ ಸುತ್ತುತ್ತ ರಣಹದ್ದುಗಳಾಗಿ ಇಳಿಯುತ್ತಿದ್ದವು. ಮರುದಿನ ಅಲ್ಲಿ ಮೂಳೆಯ ಗೂಡಲ್ಲದೆ ಬೇರೇನೂ ಉಳಿಯುತ್ತಿರಲಿಲ್ಲ. ಶಾಲೆಯ ಹುಡುಗರು ಅವನ್ನು ನೋಡಲು ಓಡಿದರೆ, "ಹೊಲಸು, ಅತ್ತ ಹೋಗಬೇಡಿ" ಎಂದು ಗದರಿಸಿ ತರಗತಿಗೆ ಅಟ್ಟುತ್ತಿದ್ದವನು ನಾನೇ.

ಅವು ಯಾವಾಗಿನಿಂದ ಬರುವುದು ನಿಂತಿತು? ಊರಿನ ಐದು ಮಂದಿ ಹಿರಿಯರನ್ನು ಕೇಳಿದೆ. ಐದು ಉತ್ತರ ಬಂದವು. ಒಬ್ಬರು ತಮ್ಮ ಮಗಳ ಮದುವೆಯ ವರ್ಷವೆಂದರು, ಇನ್ನೊಬ್ಬರು ಬರಗಾಲದ ವರ್ಷವೆಂದರು, ಮತ್ತೊಬ್ಬರು "ಈಗಲೂ ಬರ್ತಾವಲ್ಲ?" ಎಂದು ನನ್ನನ್ನೇ ಕೇಳಿದರು. ನನಗೂ ಗೊತ್ತಿರಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ದಿನ ತಪ್ಪದೆ ಹಾಜರಿ ಕೂಗಿದವನು ನಾನು. ಒಂದು ಮಗು ಮೂರು ದಿನ ಬಾರದಿದ್ದರೆ ಮನೆಗೆ ಹೇಳಿ ಕಳುಹಿಸುತ್ತಿದ್ದೆ. ತಲೆಯ ಮೇಲಿನ ಆಕಾಶದಿಂದ ಒಂದು ಕುಲವೇ ಗೈರುಹಾಜರಾದಾಗ ನನ್ನ ಪುಸ್ತಕದಲ್ಲಿ ಒಂದು ಗೆರೆಯೂ ಬೀಳಲಿಲ್ಲ.

ದೇಶಕ್ಕೆ ಈ ಸುದ್ದಿ ತಿಳಿದದ್ದು ಹೇಗೆ ಎಂಬುದನ್ನು ಗಮನಿಸಬೇಕು. ರಾಜಸ್ಥಾನದ ಭರತಪುರದಲ್ಲಿ ವಿಭು ಪ್ರಕಾಶ್ ಎಂಬ ವಿಜ್ಞಾನಿ 1980ರ ದಶಕದಲ್ಲಿ ರಣಹದ್ದುಗಳನ್ನು ಎಣಿಸಿದ್ದರು. 1990ರ ದಶಕದಲ್ಲಿ ಅದೇ ಜಾಗದಲ್ಲಿ ಮತ್ತೆ ಎಣಿಸಿದಾಗ ಸಂಖ್ಯೆ ಪಾತಾಳಕ್ಕಿಳಿದಿತ್ತು. ಹಿಂದಿನ ಲೆಕ್ಕವಿದ್ದುದರಿಂದಲೇ ಇಂದಿನ ನಷ್ಟ ಕಂಡಿತು. ಆಮೇಲೆ ಕಾರಣದ ಹುಡುಕಾಟ ನಡೆದು, ದನಗಳ ನೋವಿಗೆ ಕೊಡುವ ಡೈಕ್ಲೋಫೆನಾಕ್ ಎಂಬ ಔಷಧವೇ ಮೃತ್ಯುವೆಂದು 2004ರಲ್ಲಿ ಪ್ರಕಟವಾಯಿತು. ಔಷಧ ಪಡೆದ ದನ ಸತ್ತು, ಅದರ ಮಾಂಸವನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ. ಕೆಲವೇ ದಿನಗಳಲ್ಲಿ ಹಕ್ಕಿ ಸಾಯುತ್ತದೆ. 2006ರಲ್ಲಿ ಭಾರತ ಸರ್ಕಾರ ದನಗಳಿಗೆ ಈ ಔಷಧವನ್ನು ನಿಷೇಧಿಸಿತು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಎಂಬ ಇನ್ನೆರಡನ್ನೂ ನಿಷೇಧಿಸಿತು. ಅಷ್ಟರಲ್ಲಿ ಬಿಳಿಬೆನ್ನಿನ ರಣಹದ್ದುಗಳಲ್ಲಿ ಸಾವಿರಕ್ಕೆ ಒಂದು ಉಳಿದಿತ್ತೆನ್ನುವ ಸ್ಥಿತಿ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಇದು ಹಕ್ಕಿಗಳ ಕಷ್ಟ, ನಮಗೇನು ಎನ್ನುವವರಿಗೆ ಇನ್ನೊಂದು ಲೆಕ್ಕವಿದೆ. ರಣಹದ್ದುಗಳು ಇಲ್ಲವಾಗಿ ಹೆಣಗಳು ಕೊಳೆತು, ನೀರು ಕೆಟ್ಟು, ನಾಯಿಗಳು ಹೆಚ್ಚಿ, ಭಾರತದಲ್ಲಿ 2000ದಿಂದ 2005ರವರೆಗೆ ಸುಮಾರು ಐದು ಲಕ್ಷ ಹೆಚ್ಚುವರಿ ಮನುಷ್ಯರ ಸಾವು ಸಂಭವಿಸಿತೆಂದು 2024ರಲ್ಲಿ 'ಅಮೆರಿಕನ್ ಎಕನಾಮಿಕ್ ರಿವ್ಯೂ' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ.

ಈಗ ನಮ್ಮ ಸುತ್ತಿನ ಕಾಡುಗಳಲ್ಲಿ ರಣಹದ್ದುಗಳನ್ನು ಎಣಿಸುತ್ತಿದ್ದಾರೆ. ತಮಿಳುನಾಡು, ಕರ್ನಾಟಕ, ಕೇರಳ ಮೂರೂ ರಾಜ್ಯಗಳು ಒಂದೇ ದಿನಗಳಲ್ಲಿ ಕೂಡಿ ನಡೆಸುವ ಎಣಿಕೆ ಇದು. 2023ರ ಫೆಬ್ರುವರಿಯಲ್ಲಿ ಒಟ್ಟು 246, ಅದೇ ವರ್ಷದ ಡಿಸೆಂಬರಿನಲ್ಲಿ 320, 2025ರಲ್ಲಿ 390. ಡಿಸೆಂಬರಿನ ಎಣಿಕೆಯಲ್ಲಿ ಬಂಡೀಪುರದಲ್ಲಿ 65, ನಮ್ಮ ನಾಗರಹೊಳೆಯಲ್ಲಿ 38. ಸಂಖ್ಯೆ ಏರಿದ್ದನ್ನು ಕಂಡು ಸಂತೋಷವಾಗುತ್ತದೆ. ಆದರೆ ಎಣಿಸುವ ಜಾಗಗಳೂ ಕಣ್ಣುಗಳೂ ಹೆಚ್ಚಾದರೆ ಕಾಣುವ ಹಕ್ಕಿಗಳೂ ಹೆಚ್ಚುತ್ತವೆ ಎಂಬ ಎಚ್ಚರ ಇರಬೇಕು. ಮೂರು ರಾಜ್ಯಗಳ ಅಷ್ಟು ಕಾಡುಗಳಲ್ಲಿ ಸೇರಿ 390 ಎಂದರೆ ಅದೇನು ದೊಡ್ಡ ಸಂಸಾರ? ಒಂದು ದೊಡ್ಡ ಪ್ರೌಢಶಾಲೆಯ ಮಕ್ಕಳಷ್ಟೂ ಇಲ್ಲ.

ನನ್ನ ತಕರಾರು ಇಷ್ಟೇ. ಕೈಬಿಟ್ಟು ಹೋಗುವವರೆಗೂ ನಾವು ಎಣಿಸುವುದಿಲ್ಲ. ಕೈಯಲ್ಲಿ ಇದ್ದಾಗಲೇ ಎಣಿಸಿದ ಉದಾಹರಣೆ ಪ್ರಪಂಚದಲ್ಲಿ ಇಲ್ಲವೇ? ಇದೆ. ಅದಕ್ಕಾಗಿ ಓದುಗರನ್ನು ಸ್ವಲ್ಪ ದೂರ ಕರೆದೊಯ್ಯಬೇಕು.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಒಂದು ಬೆಟ್ಟದ ಸಾಲು. ವಲಸೆಯ ಕಾಲದಲ್ಲಿ ಹದ್ದು ಗಿಡುಗಗಳು ಆ ಸಾಲನ್ನೇ ಹಿಡಿದು ಸಾಗುತ್ತಿದ್ದವು. ಜನರು ರಜಾದಿನಗಳಲ್ಲಿ ಬಂದೂಕು ಹಿಡಿದು ಅಲ್ಲಿಗೆ ಹೋಗಿ ಮೋಜಿಗಾಗಿ ಅವನ್ನು ಉರುಳಿಸುತ್ತಿದ್ದರು. 1934ರಲ್ಲಿ ರೋಸಲಿ ಎಡ್ಜ್ ಎಂಬ ಮಹಿಳೆ ಆ ಬೆಟ್ಟವನ್ನು ಗುತ್ತಿಗೆಗೆ ಪಡೆದು ಬೇಟೆ ನಿಲ್ಲಿಸಿದರು. ಕಾವಲಿಗೆ ನಿಂತ ಮಾರಿಸ್ ಬ್ರೌನ್ ಸುಮ್ಮನೆ ಕಾಯಲಿಲ್ಲ, ಹಾದುಹೋಗುವ ಹಕ್ಕಿಗಳನ್ನು ದಿನದಿನವೂ ಎಣಿಸಿ ಬರೆದಿಟ್ಟರು. ಅದೇ 'ಹಾಕ್ ಮೌಂಟನ್'. ಆ ಲೆಕ್ಕದಿಂದ ಏನಾದೀತೆಂದು ಅಂದು ಯಾರಿಗೂ ತಿಳಿದಿರಲಿಲ್ಲ. 1962ರಲ್ಲಿ ರೇಚಲ್ ಕಾರ್ಸನ್ ಡಿಡಿಟಿಯ ವಿಷದ ಬಗ್ಗೆ 'ಸೈಲೆಂಟ್ ಸ್ಪ್ರಿಂಗ್' ಬರೆದಾಗ ಆ ಪುಸ್ತಕಗಳು ಸಾಕ್ಷಿ ಹೇಳಿದವು. 1935ರಿಂದ 1939ರವರೆಗೆ ಅಲ್ಲಿ ಕಂಡ ಬೋಳುತಲೆ ಹದ್ದುಗಳಲ್ಲಿ ನೂರಕ್ಕೆ 40 ಮರಿಹಕ್ಕಿಗಳು. 1955ರಿಂದ 1959ರವರೆಗೆ ಅದು ನೂರಕ್ಕೆ 20. ದೊಡ್ಡ ಹಕ್ಕಿಗಳು ಹಾರುತ್ತಲೇ ಇದ್ದವು, ನೋಡಿದವರಿಗೆ ಎಲ್ಲವೂ ಸರಿಯಿದ್ದಂತೆ ಕಾಣುತ್ತಿತ್ತು. ಆದರೆ ಮುಂದಿನ ಪೀಳಿಗೆ ಬರುತ್ತಿರಲಿಲ್ಲ. 1972ರಲ್ಲಿ ಅಮೆರಿಕ ಡಿಡಿಟಿಯನ್ನು ನಿಷೇಧಿಸಿತು. 2007ರಲ್ಲಿ ಆ ಹದ್ದು ಅಪಾಯದ ಪಟ್ಟಿಯಿಂದ ಹೊರಬಂದಿತು.

ಬೆಟ್ಟವೇ ಏಕೆ ಎಂದು ಮಕ್ಕಳು ಕೇಳಬಹುದು. ಭಾರದ ರೆಕ್ಕೆಯ ಹಕ್ಕಿಗೆ ಬಡಿದು ಬಡಿದು ಸಾವಿರಾರು ಮೈಲಿ ಹಾರುವುದು ಆಗದ ಮಾತು. ಬಿಸಿಲಿಗೆ ಕಾದ ನೆಲದಿಂದ ಏಳುವ ಬಿಸಿಗಾಳಿಯಲ್ಲಿ ಸುತ್ತುತ್ತ ಮೇಲೇರಿ, ಅಲ್ಲಿಂದ ಮುಂದಿನ ಬಿಸಿಗಾಳಿಯವರೆಗೆ ಜಾರುತ್ತ ಸಾಗುತ್ತದೆ. ಬೆಟ್ಟದ ಸಾಲಿಗೆ ಬಡಿದ ಗಾಳಿಯೂ ಮೇಲಕ್ಕೇ ತಿರುಗುತ್ತದೆ. ಹೀಗಾಗಿ ಬಯಲಿನಲ್ಲಿ ಹರಡಿಹೋಗಿದ್ದ ಹಕ್ಕಿಗಳು ಬೆಟ್ಟದ ಅಂಚಿನಲ್ಲಿ ದಾರಿಗೆ ಸೇರುತ್ತವೆ. ನಮ್ಮ ದೇಶದಲ್ಲಿ ಹಿಮಾಲಯವೇ ಅಂಥ ದಾರಿ. 2001ರ ಶರತ್ಕಾಲದಲ್ಲೂ 2002ರ ವಸಂತದಲ್ಲೂ ಹಿಮಾಚಲದ ಧರ್ಮಶಾಲೆಯ ಬಳಿ ನಿಂತು ಎಣಿಸಿದವರಿಗೆ ಸಾವಿರಾರು ಸ್ಟೆಪ್ ಹದ್ದುಗಳು ಸಾಗುವುದು ಕಂಡಿತು. ಏಷ್ಯಾದ ಹುಲ್ಲುಗಾಡಿನ ಈ ಹದ್ದನ್ನು 2015ರಿಂದ ಅಳಿವಿನ ಅಂಚಿನ ಹಕ್ಕಿಗಳ ಪಟ್ಟಿಗೆ ಸೇರಿಸಲಾಗಿದೆ.

ಎಣಿಕೆಗೆ ಬೆಟ್ಟವೇ ಬೇಕೆಂದಿಲ್ಲ. 2012ರಲ್ಲಿ ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ ಆಮೂರ್ ಚಾಣಗಳನ್ನು ಬಲೆಯೊಡ್ಡಿ ಹಿಡಿಯುತ್ತಿದ್ದುದನ್ನು ಕೆಲವರು ಹೋಗಿ ನೋಡಿ ಲೆಕ್ಕ ಹಾಕಿದರು. ಒಂದು ಋತುವಿನಲ್ಲಿ 1,20,000ದಿಂದ 1,40,000 ಹಕ್ಕಿಗಳು ಎಂದು ಅಂದಾಜಾಯಿತು. 'ಬಹಳ ಹಕ್ಕಿ ಹಿಡಿಯುತ್ತಾರೆ' ಎಂದಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಲಕ್ಷದ ಸಂಖ್ಯೆ ಕೇಳಿ ಸರ್ಕಾರ, ಚರ್ಚು, ಗ್ರಾಮಸಭೆ ಎಲ್ಲವೂ ಎಚ್ಚೆತ್ತವು. ಮರುವರ್ಷ ಅದೇ ಊರಿನವರೇ ಬಲೆ ಬಿಟ್ಟು ಕಾವಲಿಗೆ ನಿಂತರು. ಅದೂ ನಮ್ಮದರಂತೆ ಅಣೆಕಟ್ಟಿನ ಹಿನ್ನೀರೇ ಎಂಬುದನ್ನು ಮರೆಯಬಾರದು.

ಹಾಗಾದರೆ ನಮ್ಮಲ್ಲಿ ಎಣಿಕೆಯೇ ಇಲ್ಲವೆಂದಲ್ಲ. ಹುಲಿಗೆ 2006ರಿಂದ ನಾಲ್ಕು ವರ್ಷಕ್ಕೊಮ್ಮೆ ದೇಶವ್ಯಾಪಿ ಗಣತಿಯಿದೆ. ನೀರುಹಕ್ಕಿಗಳಿಗೆ 1987ರಿಂದ ಏಷ್ಯಾದಾದ್ಯಂತ ಜನವರಿಯ ಎಣಿಕೆಯಿದೆ. ಮೈಸೂರಿನ ಹಕ್ಕಿಪ್ರಿಯರು ಕೆರೆ ಕೆರೆ ಸುತ್ತಿ ಆ ಕೆಲಸ ಮಾಡಿದ್ದಾರೆ. 2023ರ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿಯಂತೂ ಮೂವತ್ತು ಸಾವಿರಕ್ಕೂ ಹೆಚ್ಚು ಸಾಮಾನ್ಯ ಹವ್ಯಾಸಿಗಳು ಬರೆದಿಟ್ಟ ಟಿಪ್ಪಣಿಗಳ ಮೇಲೆಯೇ ನಿಂತಿದೆ. ದೀರ್ಘಕಾಲದ ಏರಿಳಿತ ತಿಳಿದುಬಂದ 338 ಜಾತಿಗಳಲ್ಲಿ ನೂರಕ್ಕೆ 60 ಇಳಿಮುಖವಾಗಿವೆ ಎಂದು ಅದು ಹೇಳುತ್ತದೆ. ಬೇಟೆಹಕ್ಕಿಗಳೂ ವಲಸೆ ಹಕ್ಕಿಗಳೂ ಹೆಚ್ಚು ನಷ್ಟ ಕಂಡವುಗಳ ಸಾಲಿನಲ್ಲಿವೆ. ಮೀನುಡೇಗೆಯೂ ಸೆಳೆವವೂ ಎರಡೂ ಗುಂಪಿಗೆ ಸೇರಿದ ಹಕ್ಕಿಗಳು. ಆದರೆ ನಾನು ಕೆಲಸ ಮಾಡಿದ ಯಾವ ಶಾಲೆಯ ಯಾವ ಪುಸ್ತಕದಲ್ಲಿಯೂ ಇವುಗಳ ಹೆಸರಿಲ್ಲ. ಮಳೆ ಎಷ್ಟು ಬಿತ್ತೆಂದು ಬರೆದಿದ್ದೇವೆ, ಬಿಸಿಯೂಟಕ್ಕೆ ಎಷ್ಟು ಅಕ್ಕಿ ಬಂತೆಂದು ಬರೆದಿದ್ದೇವೆ. ಈ ಅತಿಥಿಗಳು ಬಂದದ್ದನ್ನಾಗಲಿ ಹೋದದ್ದನ್ನಾಗಲಿ ಬರೆದಿಲ್ಲ.

ಈ ಮಾತನ್ನು ಆಡಿದಾಗಲೆಲ್ಲ ಎರಡು ಆಕ್ಷೇಪಣೆಗಳು ಬರುತ್ತವೆ. ಮೊದಲನೆಯದು, ಇದು ವಿಜ್ಞಾನಿಗಳ ಕೆಲಸ, ಹಳ್ಳಿಯ ಮಕ್ಕಳು ತಪ್ಪು ಎಣಿಸುತ್ತಾರೆ ಎಂಬುದು. ತಪ್ಪು ಎಣಿಸುತ್ತಾರೆ, ನಿಜ. ಮಗ್ಗಿಯನ್ನೂ ಮೊದಲು ತಪ್ಪಾಗಿಯೇ ಹೇಳುತ್ತಾರೆ. ಒಂದೇ ಜಾಗ, ಒಂದೇ ಹೊತ್ತು, ಅವೇ ದಿನಗಳು, ಈ ನಿಯಮವನ್ನು ಪಾಲಿಸಿದರೆ ಸಣ್ಣಪುಟ್ಟ ತಪ್ಪುಗಳಿದ್ದರೂ ಹತ್ತು ವರ್ಷದ ಕೊನೆಗೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ತಿಳಿಯುತ್ತದೆ. ಹಕ್ಕಿಯ ಜಾತಿ ಗೊತ್ತಾಗದಿದ್ದರೆ 'ಗೊತ್ತಾಗಲಿಲ್ಲ' ಎಂದೇ ಬರೆಯಲಿ. ಊಹಿಸಿ ಬರೆಯುವುದಕ್ಕಿಂತ ಅದು ಎಷ್ಟೋ ಮೇಲು. ಏನೂ ಕಾಣದ ದಿನ ಸೊನ್ನೆ ಎಂದು ಬರೆಯುವುದನ್ನು ಮಾತ್ರ ಕಡ್ಡಾಯವಾಗಿ ಕಲಿಸಬೇಕು. ಮಕ್ಕಳಿಗೆ ಸೊನ್ನೆ ಬರೆಯಲು ನಾಚಿಕೆ. ಅದು ಅಂಕಪಟ್ಟಿಯ ಪ್ರಭಾವ. ಆದರೆ ರಣಹದ್ದುಗಳು ಹೋದ ವರ್ಷ ನಮ್ಮೂರಿನಲ್ಲಿ ಯಾರಾದರೊಬ್ಬರು ಆ ಸೊನ್ನೆಯನ್ನು ಬರೆದಿದ್ದರೆ ಇಂದು ಐದು ಜನರಿಗೆ ಐದು ಉತ್ತರ ಇರುತ್ತಿರಲಿಲ್ಲ.

ಎರಡನೆಯ ಆಕ್ಷೇಪಣೆ ಗಂಭೀರವಾದದ್ದು. ಇದು ಕಾಡಂಚು, ಆನೆ, ಹುಲಿ, ಚಿರತೆ ಇರುವ ಜಾಗ. ಮಕ್ಕಳನ್ನು ಹಕ್ಕಿ ನೋಡಲು ಕಳಿಸಿ ಅನಾಹುತವಾದರೆ ಯಾರು ಹೊಣೆ? ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಮಕ್ಕಳು ಹಿನ್ನೀರಿಗೂ ಹೋಗಬಾರದು, ಕಾಡಿಗೂ ಹೋಗಬಾರದು. ಹೋಗಬೇಕಾಗಿಯೂ ಇಲ್ಲ. ಬೇಟೆಹಕ್ಕಿಯ ಒಂದು ಉಪಕಾರವೆಂದರೆ ಅದು ಶಾಲೆಯ ಮೈದಾನದ ಮೇಲೂ ಹಾರುತ್ತದೆ. ಬಿಸಿಲೇರುವ ಹತ್ತು ಗಂಟೆಯ ಹೊತ್ತಿಗೆ, ಪ್ರಾರ್ಥನೆ ಮುಗಿದ ಮೇಲೆ, ಹದಿನೈದು ನಿಮಿಷ ಅಂಗಳದಲ್ಲಿ ನಿಂತು ಕತ್ತೆತ್ತಿದರೆ ಸಾಕು. ದೊಡ್ಡವರು, ಅನುಕೂಲವಿದ್ದವರು, ಮಾಘದಿಂದ ಚೈತ್ರದವರೆಗೆ ವಾರಕ್ಕೊಂದು ಬೆಳಿಗ್ಗೆ ಸರಗೂರಿನ ಬಳಿಯ ಚಿಕ್ಕದೇವಮ್ಮನ ಬೆಟ್ಟದ ಮೇಲೆ ನಿಲ್ಲಬಹುದು. ಹೇಗೂ ಹರಕೆ ಹೊತ್ತು ಹತ್ತುವ ಬೆಟ್ಟ. ದೇವಿಯ ದರ್ಶನ ಮುಗಿಸಿ ಒಂದು ಗಂಟೆ ಆಕಾಶದ ದರ್ಶನವೂ ಆಗಲಿ. ಹಿಮಾಲಯದಂತೆ ಸಾವಿರಗಟ್ಟಲೆ ಕಾಣುವುದಿಲ್ಲ. ಬೆರಳೆಣಿಕೆಯಷ್ಟು ಕಂಡರೂ ಅದು ನಮ್ಮ ಲೆಕ್ಕ.

ಎಣಿಸಿದ ಮಾತ್ರಕ್ಕೆ ಹಕ್ಕಿ ಉಳಿಯುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಎಣಿಸಿದವನಿಗೆ ಕಳಕಳಿ ಹುಟ್ಟುತ್ತದೆ. ಕಳಕಳಿ ಹುಟ್ಟಿದವನು ಮನೆಯಲ್ಲಿ ಒಂದು ಮಾತು ಕೇಳುತ್ತಾನೆ. "ಅಪ್ಪಾ, ಹಸುವಿಗೆ ಕೊಡಿಸಿದ ಸೂಜಿ ಯಾವುದು?" ಎಂದು ಒಂದು ಮಗು ಕೇಳಿದರೆ, ಪಶುವೈದ್ಯರ ಬಳಿ "ಹದ್ದಿಗೆ ತೊಂದರೆಯಾಗದ ಔಷಧ ಕೊಡಿ" ಎಂದು ಒಬ್ಬ ರೈತ ಕೇಳಿದರೆ, ಮೆಲಾಕ್ಸಿಕಾಮ್‌ನಂಥ ನಿರಪಾಯದ ಔಷಧ ಇದ್ದೇ ಇದೆ. ಸುತ್ತೋಲೆಗಿಂತ ಈ ಪ್ರಶ್ನೆ ಬಲವಾದದ್ದು.

ಇಷ್ಟಕ್ಕೂ ನಾನು ಕೇಳುತ್ತಿರುವುದು ದುರ್ಬೀನನ್ನಲ್ಲ, ಅನುದಾನವನ್ನಲ್ಲ. ಶಾಲೆಗೊಂದು ನೂರು ಪುಟದ ನೋಟುಬುಕ್ಕು, ಒಂದು ಪೆನ್ಸಿಲ್ಲು, ವಾರಕ್ಕೆ ಹದಿನೈದು ನಿಮಿಷ. ಮೇಷ್ಟರು ವರ್ಗವಾಗಿ ಹೋದರೆ ಪುಸ್ತಕವನ್ನು ಚಾರ್ಜಿನ ಪಟ್ಟಿಗೆ ಸೇರಿಸಿ ಮುಂದಿನವರಿಗೆ ಒಪ್ಪಿಸಿ ಹೋಗಬೇಕು. ನನ್ನ ಪುಸ್ತಕವನ್ನು ಒಪ್ಪಿಸಲು ನನಗೂ ಒಬ್ಬರು ಬೇಕಾಗಿದ್ದಾರೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ದೂರದ ಒಣಮರದ ಮೇಲಿರುವುದು ಹಕ್ಕಿಯೋ ಕೊಂಬೆಯೋ ಎಂದು ಎರಡು ಸಲ ನೋಡಬೇಕಾಗಿದೆ.

ಓದುಗ ಮಿತ್ರರೇ, ನಿಮ್ಮೂರಿನ ಜಾತ್ರೆಯಲ್ಲಿ ಈ ವರ್ಷ ಗರುಡ ಬಂದು ತೇರಿನ ಮೇಲೆ ಸುತ್ತು ಹಾಕಿದಾಗ ಕೈ ಮುಗಿಯಿರಿ, ಬೇಡವೆನ್ನುವುದಿಲ್ಲ. ಮುಗಿದ ಮೇಲೆ ಎಷ್ಟು ಬಂದವು, ಯಾವ ದಿನ, ಎಷ್ಟು ಗಂಟೆಗೆ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ವರ್ಷವೂ ಬರೆಯಿರಿ. ಬಾರದಿದ್ದರೆ, ಬರಲಿಲ್ಲ ಎಂದು ಬರೆಯಿರಿ.